ಲಿನಕ್ಸ್ ಗಣಕದಲ್ಲಿ ಕನ್ನಡದ ಧ್ವನಿ: ತಂತ್ರಾಂಶಗಳ ಪರಸ್ಪರಾವಲಂಬನದ ಇತಿಹಾಸವನ್ನು ಕುರಿತು ಒಂದು ವಿಚಾರ

೧

ಕನ್ನಡ ಲಿಪಿಯು ಗಣಕಯಂತ್ರವನ್ನು ಪ್ರವೇಶಿಸಿದ ವೃತ್ತಾಂತವು ನಮ್ಮ ವಿದ್ಯಾರ್ಥಿಗಳಿಗೆ ಬಹುಮಟ್ಟಿಗೆ ಪರಿಚಿತವಾಗಿದೆ. ಕೀಲಿಮಣೆಯ ವಿನ್ಯಾಸ, ಅಕ್ಷರರೂಪಗಳ ರಚನೆ, ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಸಂಕೇತವ್ಯವಸ್ಥೆಯಲ್ಲಿ ಕನ್ನಡಕ್ಕೆ ದೊರೆತ ಸ್ಥಾನ, ಇವುಗಳನ್ನು ಕುರಿತು ಲೇಖನಗಳೂ ಭಾಷಣಗಳೂ ಸಾಕಷ್ಟು ಬಂದಿವೆ. ಆದರೆ ಅದೇ ಗಣಕಯಂತ್ರವು ಕನ್ನಡವನ್ನು ಬಾಯಿಬಿಟ್ಟು ಓದತೊಡಗಿದ ವೃತ್ತಾಂತಕ್ಕೆ ಇತಿಹಾಸಕಾರರ ಗಮನ ಅಷ್ಟಾಗಿ ಸಂದಿಲ್ಲ. ಕಣ್ಣುಳ್ಳವರಿಗೆ ಇದು ಕುತೂಹಲದ ಸಂಗತಿ ಮಾತ್ರವೆಂದು ತೋರಬಹುದು. ಕಣ್ಣಿಲ್ಲದ ವಿದ್ಯಾರ್ಥಿಗಾದರೋ ಗಣಕದ ಧ್ವನಿಯೇ ಪುಸ್ತಕದ ಪುಟ. ಆ ಧ್ವನಿ ನಿಂತ ದಿನ ಅವನ ಪಾಲಿಗೆ ಗ್ರಂಥಭಂಡಾರದ ಬಾಗಿಲೇ ಮುಚ್ಚಿದಂತೆ.

ಆ ಧ್ವನಿಯು ನಿಲ್ಲುವುದಕ್ಕೆ ಕಾರಣ ಬಹುಸಲ ಧ್ವನಿಯ ತಂತ್ರಾಂಶದಲ್ಲಿ ಇರುವುದೇ ಇಲ್ಲ. ಅದರ ಕೆಳಗೆ ಹುದುಗಿರುವ ಬೇರೆ ಬೇರೆ ತಂತ್ರಾಂಶಗಳಲ್ಲಿ ಎಲ್ಲಿಯೋ ಒಂದು ಕೊಂಡಿ ಕಳಚಿರುತ್ತದೆ. ಆದಕಾರಣ ಕನ್ನಡದ ಯಾಂತ್ರಿಕ ಧ್ವನಿಯ ಇತಿಹಾಸವನ್ನು ಕೇವಲ ಒಂದು ಉಪಜ್ಞೆಯ ಇತಿಹಾಸವೆಂದು ಬರೆದರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಅದು ಯಾವುದನ್ನು ಅವಲಂಬಿಸಿ ನಿಂತಿತು, ಆ ಅವಲಂಬನವನ್ನು ಯಾರು ಕಾಪಾಡಿದರು ಎಂಬುದನ್ನೂ ವಿಚಾರಿಸಬೇಕು. ಪ್ರಸ್ತುತ ಲೇಖನವು ಬೆಂಗಳೂರಿನಲ್ಲಿ ಹುಟ್ಟಿದ ಸಿಂಪ್ಯೂಟರ್ ಎಂಬ ಕೈಗಣಕವನ್ನೂ ಅದರೊಡನೆ ಹುಟ್ಟಿದ 'ಧ್ವನಿ' ಎಂಬ ವಾಚಕ ತಂತ್ರಾಂಶವನ್ನೂ ಮುಖ್ಯ ನಿದರ್ಶನವಾಗಿಟ್ಟುಕೊಂಡು ಈ ವಿಚಾರವನ್ನು ಮಾಡುತ್ತದೆ.

೨

ಅವಲಂಬನವೆಂದರೇನೆಂಬುದನ್ನು ಮೊದಲು ಒಂದು ಪರಿಚಿತ ಉಪಮಾನದಿಂದ ತಿಳಿಯಬಹುದು. ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿಗೆ ರೈಲು ಹೋಗುವುದು ಅಳ್ನಾವರದಿಂದ ಕವಲೊಡೆದ ದಾರಿಯಲ್ಲಿ. ಆ ದಾರಿಯ ಕೊನೆಯ ನಿಲ್ದಾಣ ಅಂಬೇವಾಡಿ. ದಶಕಗಳ ಕಾಲ ನಿಂತಿದ್ದ ಪ್ರಯಾಣಿಕರ ಗಾಡಿಯು ೨೦೧೯ರಲ್ಲಿ ಅಂಬೇವಾಡಿಗೆ ಮತ್ತೆ ಬಂದಿತು. ಅಂಬೇವಾಡಿಯ ನಿಲ್ದಾಣವು ಎಷ್ಟೇ ಸುಸ್ಥಿತಿಯಲ್ಲಿರಲಿ, ಅಳ್ನಾವರದ ಕೂಡುದಾರಿ ಕೆಟ್ಟರೆ ಅಲ್ಲಿಗೆ ಗಾಡಿ ಬರಲಾರದು. ಹಳಿಗಳ ಅಂತರ ಒಂದೇ ಅಳತೆಯದಾಗಿಲ್ಲದಿದ್ದರೂ ಬರಲಾರದು. ಮೊದಲನೆಯದು ಬೇಕಾದ ವಸ್ತು ಇಲ್ಲದಿರುವ ತೊಂದರೆ. ಎರಡನೆಯದು ವಸ್ತು ಇದ್ದರೂ ಹೊಂದಿಕೆಯಾಗದ ತೊಂದರೆ. ತಂತ್ರಾಂಶಗಳ ಅವಲಂಬನದಲ್ಲಿ ಕಾಣುವುದೂ ಈ ಎರಡೇ ಬಗೆಯ ತೊಂದರೆಗಳು.

ಗಣಕದ ಪ್ರತಿಯೊಂದು ತಂತ್ರಾಂಶವೂ ತನಗೆ ಬೇಕಾದುದನ್ನೆಲ್ಲ ತಾನೇ ಹೊತ್ತು ತರುವುದಿಲ್ಲ. ಕಡತವನ್ನು ತೆರೆಯುವುದು, ಅಕ್ಷರವನ್ನು ಬಿಡಿಸುವುದು, ಶಬ್ದವನ್ನು ಹೊರಡಿಸುವುದು ಮೊದಲಾದ ಸಾಮಾನ್ಯ ಕೆಲಸಗಳಿಗೆ 'ಲೈಬ್ರರಿ' ಎಂದು ಕರೆಯುವ ಭಂಡಾರಗಳಿವೆ. ನೂರು ತಂತ್ರಾಂಶಗಳು ಒಂದೇ ಭಂಡಾರವನ್ನು ಬಳಸುವುದರಿಂದ ಸ್ಥಳ ಉಳಿಯುತ್ತದೆ. ಭಂಡಾರದ ದೋಷವೊಂದನ್ನು ತಿದ್ದಿದರೆ ನೂರಕ್ಕೂ ಆ ತಿದ್ದುಪಡಿ ಸಲ್ಲುತ್ತದೆ. ಆದರೆ ಭಂಡಾರದ ರೂಪವೇ ಬದಲಾದರೆ ನೂರಕ್ಕೂ ಒಟ್ಟಿಗೆ ಅಪಾಯವೊದಗುತ್ತದೆ. ಲಾಭವೂ ಅಪಾಯವೂ ಒಂದೇ ಬೇರಿನಿಂದ ಹುಟ್ಟಿದವು.

ಲೈನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಲಿನಕ್ಸ್ ತಿರುಳನ್ನು ಪ್ರಕಟಿಸಿದ ತರುವಾಯ, ಆ ತಿರುಳಿನ ಸುತ್ತ ಬೇರೆ ಬೇರೆ ಕಡೆಯ ತಂತ್ರಾಂಶಗಳನ್ನು ಒಟ್ಟುಗೂಡಿಸಿ ಹಂಚುವ 'ವಿತರಣೆ'ಗಳು ಹುಟ್ಟಿದವು. ೧೯೯೩ರ ಸ್ಲಾಕ್‌ವೇರ್ ವಿತರಣೆಯಲ್ಲಿ ತಂತ್ರಾಂಶಗಳ ಕಟ್ಟುಗಳಿದ್ದುವೇ ಹೊರತು ಒಂದು ಕಟ್ಟಿಗೆ ಇನ್ನಾವ ಕಟ್ಟು ಬೇಕೆಂಬುದನ್ನು ಪರೀಕ್ಷಿಸುವ ವ್ಯವಸ್ಥೆ ಇರಲಿಲ್ಲ. ಅದನ್ನು ತಿಳಿಯುವ ಹೊಣೆ ಬಳಕೆದಾರನದಾಗಿತ್ತು. ಅದೇ ವರ್ಷ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ವಿತರಣೆಯು ಪ್ರತಿ ಕಟ್ಟಿನೊಡನೆಯೂ ಒಂದು ವಿವರಪತ್ರವನ್ನು ಇರಿಸುವ ಪದ್ಧತಿಯನ್ನು ರೂಢಿಗೆ ತಂದಿತು. ಅದರಲ್ಲಿ 'ಇದಕ್ಕೆ ಇಂತಿಂಥದು ಬೇಕೇಬೇಕು', 'ಇಂಥದಿದ್ದರೆ ಒಳ್ಳೆಯದು', 'ಇಂಥದರೊಡನೆ ಇದು ಸೇರದು' ಎಂಬ ಬಗೆಬಗೆಯ ಸಂಬಂಧಗಳನ್ನು ಬರೆದಿರುತ್ತಿತ್ತು. ರೆಡ್ ಹ್ಯಾಟ್ ಸಂಸ್ಥೆಯು ೧೯೯೫ರಲ್ಲಿ ಆರ್‌ಪಿಎಂ ಎಂಬ ತನ್ನದೇ ಕ್ರಮವನ್ನು ತಂದಿತು.

ವಿವರಪತ್ರವಿದ್ದ ಮಾತ್ರಕ್ಕೆ ಕಷ್ಟ ಪರಿಹಾರವಾಗಲಿಲ್ಲ. ಒಂದು ಕಟ್ಟನ್ನು ಹಾಕಹೋದರೆ ಯಂತ್ರವು ಇನ್ನೊಂದನ್ನು ಕೇಳುವುದು, ಅದನ್ನು ಹುಡುಕಿ ತಂದರೆ ಮತ್ತೊಂದನ್ನು ಕೇಳುವುದು, ಕೊನೆಗೆ ಮೊದಲು ಇದ್ದುದರೊಡನೆಯೇ ವಿರೋಧ ತಲೆದೋರುವುದು, ಇಂಥ ಅನುಭವವು ಆ ಕಾಲದ ಬಳಕೆದಾರರಲ್ಲಿ ಸರ್ವಸಾಮಾನ್ಯವಾಗಿತ್ತು. ಲಿನಕ್ಸಿನ ಮೂಲ ಸಿ ಭಂಡಾರವು ತನ್ನ ಹಳೆಯ ರೂಪವನ್ನು ಬಿಟ್ಟು ಹೊಸ ರೂಪಕ್ಕೆ ತಿರುಗಿದ ೧೯೯೭-೯೮ರ ಸಂಧಿಕಾಲದಲ್ಲಿ ಈ ಸಂಕಟವು ತೀವ್ರವಾಯಿತು. ೧೯೯೯ರಲ್ಲಿ ಡೆಬಿಯನ್ ೨.೧ರೊಡನೆ ಬಂದ ಎಪಿಟಿ ಎಂಬ ಸಾಧನವು ಅವಲಂಬನದ ಸರಪಳಿಯನ್ನು ತಾನೇ ಕೊನೆಯವರೆಗೆ ಅನುಸರಿಸಿ, ಬೇಕಾದುದೆಲ್ಲವನ್ನೂ ಜಾಲದ ಮೂಲಕ ತರಿಸುವಂತಾದ ಮೇಲೆಯೇ ಸಾಮಾನ್ಯ ಬಳಕೆದಾರನಿಗೆ ಸಮಾಧಾನ ದೊರೆಯಿತು.

ಇಲ್ಲಿ ನಮ್ಮ ದೇಶದ ಸ್ಥಿತಿಯನ್ನು ಮರೆಯಲಾಗದು. ಜಾಲದಿಂದ ತರಿಸುವ ಸಾಧನವು ಜಾಲವಿದ್ದವನಿಗೆ ಮಾತ್ರ ಉಪಕಾರಿ. ಭಾರತದಲ್ಲಿ ಅಂತರಜಾಲವು ದುರ್ಲಭವೂ ದುಬಾರಿಯೂ ಆಗಿದ್ದ ಆ ದಿನಗಳಲ್ಲಿ ಲಿನಕ್ಸ್ ಹರಡಿದುದು ಮುಖ್ಯವಾಗಿ ಅಡಕಮುದ್ರಿಕೆಗಳ, ಎಂದರೆ ಸಿಡಿಗಳ ಮೂಲಕ. ಪಿಸಿಕ್ವೆಸ್ಟ್ ಪತ್ರಿಕೆಯು ೧೯೯೬ರಿಂದ ತನ್ನ ಸಂಚಿಕೆಯೊಡನೆ ಲಿನಕ್ಸ್ ಸಿಡಿಯನ್ನು ಹಂಚಿದುದೂ, ಅದರಲ್ಲಿ ಅತುಲ್ ಚಿಟ್ನಿಸ್ ಅವರು ವಹಿಸಿದ ಪಾತ್ರವೂ ಪ್ರಸಿದ್ಧವಾಗಿವೆ. ಬೆಂಗಳೂರಿನಲ್ಲಿ ೨೦೦೧ರಲ್ಲಿ ಆರಂಭವಾದ 'ಲಿನಕ್ಸ್ ಬೆಂಗಳೂರು' ಸಮ್ಮೇಳನವು ೨೦೦೫ರಿಂದ 'ಫಾಸ್.ಇನ್' ಎಂಬ ಹೆಸರಿನಲ್ಲಿ ಮುಂದುವರಿದು ೨೦೧೨ರವರೆಗೆ ನಡೆಯಿತು. ನಾವು ವಿಚಾರಿಸುವ ಕೃತಿಗಳು ಹುಟ್ಟಿ ಬೆಳೆದುದು ಈ ವಾತಾವರಣದಲ್ಲಿ.

೩

ಇನ್ನು ಶಬ್ದದ ವಿಷಯ. ಲಿನಕ್ಸಿನಲ್ಲಿ ಧ್ವನಿಯ ವ್ಯವಸ್ಥೆಯು ನಾಲ್ಕು ಘಟ್ಟಗಳನ್ನು ಹಾದುಬಂದಿದೆ.

ಮೊದಲ ಘಟ್ಟದಲ್ಲಿ ಫಿನ್ಲೆಂಡಿನ ಹನ್ನು ಸಾವೊಲೈನೆನ್ ಅವರು ೧೯೯೨ರ ಸುಮಾರಿಗೆ ಸೌಂಡ್ ಬ್ಲಾಸ್ಟರ್ ಶಬ್ದಫಲಕಕ್ಕಾಗಿ ಬರೆದ ಚಾಲಕ ತಂತ್ರಾಂಶವು ಬೆಳೆದು ಓಎಸ್ಎಸ್ ಎಂದು ಹೆಸರಾಯಿತು. ಅದರ ವಿಧಾನ ಸರಳ: ಶಬ್ದಸಾಧನವು ಒಂದು ಕಡತದಂತೆ ಕಾಣುತ್ತಿತ್ತು, ಅದರೊಳಕ್ಕೆ ಅಂಕಿಗಳನ್ನು ಬರೆದರೆ ಧ್ವನಿ ಹೊರಡುತ್ತಿತ್ತು. ಆದರೆ ಸಾಮಾನ್ಯ ಶಬ್ದಫಲಕಗಳಲ್ಲಿ ಒಂದು ತಂತ್ರಾಂಶವು ಆ ಕಡತವನ್ನು ಹಿಡಿದಿದ್ದರೆ ಇನ್ನೊಂದಕ್ಕೆ ಪ್ರವೇಶವಿರಲಿಲ್ಲ. ಸಂಗೀತ ಕೇಳುತ್ತಿರುವಾಗ ಗಣಕವು ಓದಿ ಹೇಳಲಾರದು. ಗಣಕ ಓದುತ್ತಿರುವಾಗ ಸಂಗೀತ ಕೇಳಲಾಗದು.

ಎರಡನೆಯ ಘಟ್ಟದಲ್ಲಿ ಚೆಕ್ ದೇಶದ ಯಾರೊಸ್ಲಾವ್ ಕಿಸೆಲಾ ಅವರು ೧೯೯೮ರಲ್ಲಿ ಅಲ್ಸಾ ಎಂಬ ಹೊಸ ವ್ಯವಸ್ಥೆಯನ್ನು ಆರಂಭಿಸಿದರು. ೨೦೦೩ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ ೨.೬ರ ತಿರುಳಿನಲ್ಲಿ ಅದು ಓಎಸ್ಎಸ್‌ನ ಸ್ಥಾನವನ್ನು ಪಡೆಯಿತು. ಹಳೆಯ ತಂತ್ರಾಂಶಗಳಿಗಾಗಿ ಹಳೆಯ ಬಾಗಿಲಿನ ಒಂದು ಅನುಕರಣೆಯನ್ನೂ ಉಳಿಸಿಕೊಳ್ಳಲಾಯಿತು.

ಮೂರನೆಯ ಘಟ್ಟವು ಶಬ್ದದ ಮಧ್ಯವರ್ತಿಗಳದು. ಹಲವು ತಂತ್ರಾಂಶಗಳ ಧ್ವನಿಯನ್ನು ಬೆರೆಸಿ ಒಂದೇ ಸಾಧನಕ್ಕೆ ಒಪ್ಪಿಸುವ ಇಎಸ್‌ಡಿ, ಆರ್ಟ್ಸ್ ಮೊದಲಾದವು ಮೊದಲೇ ಇದ್ದುವು. ಲೆನಾರ್ಟ್ ಪೊಯಟರಿಂಗ್ ಅವರು ೨೦೦೪ರಲ್ಲಿ ಆರಂಭಿಸಿದ ಪಲ್ಸ್ಆಡಿಯೊ ಅವುಗಳ ಜಾಗಕ್ಕೆ ಬಂದು, ೨೦೦೭ರಲ್ಲಿ ಫೆಡೋರಾ ೮ರಲ್ಲಿಯೂ ೨೦೦೮ರಲ್ಲಿ ಉಬುಂಟು ೮.೦೪ರಲ್ಲಿಯೂ ಸ್ಥಾಪಿತವಾಯಿತು. ಮೊದಲ ವರ್ಷಗಳಲ್ಲಿ ಅದನ್ನು ಕುರಿತ ದೂರುಗಳು ಅಪಾರ. ಅವುಗಳಲ್ಲಿ ಕೆಲವು ಪಲ್ಸ್ಆಡಿಯೊದ ದೋಷಗಳೇ ಆಗಿದ್ದರೂ, ಇನ್ನು ಕೆಲವು ಅದುವರೆಗೆ ಯಾರೂ ಬಳಸದೆ ಬಿಟ್ಟಿದ್ದ ಕೆಳಗಣ ಚಾಲಕಗಳ ದೋಷಗಳಾಗಿದ್ದುವು. ಹೊಸ ಗಾಡಿ ಓಡತೊಡಗಿದ ಮೇಲೆ ಹಳೆಯ ಹಳಿಯ ಬಿರುಕು ಕಂಡಂತೆ ಇದು.

ನಾಲ್ಕನೆಯ ಘಟ್ಟದ ಪೈಪ್‌ವೈರ್ ವ್ಯವಸ್ಥೆಯನ್ನು ರೂಪಿಸಿದವರು ವಿಮ್ ಟೇಮನ್ಸ್. ೨೦೨೧ರಲ್ಲಿ ಫೆಡೋರಾ ೩೪ ಇದನ್ನು ಶಬ್ದಕ್ಕಾಗಿ ಅಂಗೀಕರಿಸಿತು; ೨೦೨೩ರ ನವೆಂಬರಿನಲ್ಲಿ ಅದರ ೧.೦ ಆವೃತ್ತಿ ಪ್ರಕಟವಾಯಿತು. ಹಿಂದಿನ ಅನುಭವದಿಂದ ಪಾಠ ಕಲಿತು, ಪಲ್ಸ್ಆಡಿಯೊಗಾಗಿ ಬರೆದ ತಂತ್ರಾಂಶಗಳು ಬದಲಾವಣೆಯಿಲ್ಲದೆ ನಡೆಯುವಂತೆ ಅದೇ ಭಾಷೆಯಲ್ಲಿ ಉತ್ತರಿಸುವ ಏರ್ಪಾಡನ್ನು ಇದರಲ್ಲಿ ಮಾಡಲಾಯಿತು. ಈ ಘಟ್ಟದ ಸಂಕ್ರಮಣವು ಹಿಂದಿನದಕ್ಕಿಂತ ಶಾಂತವಾಗಿ ನಡೆದುದಕ್ಕೆ ಇದೇ ಮುಖ್ಯ ಕಾರಣವೆಂದು ತೋರುತ್ತದೆ.

೪

ಈ ಎರಡು ಹಿನ್ನೆಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಸಿಂಪ್ಯೂಟರಿನ ಕಥೆಗೆ ಬರೋಣ. ೧೯೯೮ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ನಡೆದ, ಬೆಳೆಯುತ್ತಿರುವ ದೇಶಗಳಿಗೆ ಮಾಹಿತಿ ತಂತ್ರಜ್ಞಾನವು ಹೇಗೆ ನೆರವಾಗಬೇಕೆಂಬುದನ್ನು ಕುರಿತ ವಿಚಾರಗೋಷ್ಠಿಯೊಂದರಲ್ಲಿ ಈ ಕಲ್ಪನೆ ಮೊಳೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್ಕೋರ್ ಸಂಸ್ಥೆಯ ವಿನಯ್ ದೇಶಪಾಂಡೆ ಮತ್ತು ಅವರ ಸಹೋದ್ಯೋಗಿಗಳೂ ಸೇರಿ ೧೯೯೯ರಲ್ಲಿ ಸಿಂಪ್ಯೂಟರ್ ಟ್ರಸ್ಟನ್ನು ಸ್ಥಾಪಿಸಿದರು. ೨೦೦೧ರಲ್ಲಿ ಮಾದರಿ ಯಂತ್ರವು ಸಾರ್ವಜನಿಕರ ಮುಂದೆ ಬಂದಿತು. ಸುಮಾರು ೯,೦೦೦ ರೂಪಾಯಿಗಳ ಬೆಲೆಯಲ್ಲಿ ದೊರೆಯಬೇಕು, ಒಂದು ಊರಿನ ಹಲವರು ಸ್ಮಾರ್ಟ್ ಕಾರ್ಡಿನ ಸಹಾಯದಿಂದ ಒಂದೇ ಯಂತ್ರವನ್ನು ಹಂಚಿಕೊಂಡು ಬಳಸಬೇಕು, ಓದುಬರಹ ಬಾರದವನಿಗೂ ಅದು ತನ್ನ ನುಡಿಯಲ್ಲಿ ಮಾತಾಡಬೇಕು ಎಂಬುದು ಸ್ಥಾಪಕರ ಆಶಯವಾಗಿತ್ತು. ಯಂತ್ರದ ಒಳಗೆ ಇದ್ದುದು ಲಿನಕ್ಸ್.

ಆ ಮಾತಿನ ಭಾಗಕ್ಕಾಗಿ ರಮೇಶ್ ಹರಿಹರನ್ ಅವರ ನೇತೃತ್ವದಲ್ಲಿ ಸಿದ್ಧವಾದ ತಂತ್ರಾಂಶವೇ 'ಧ್ವನಿ'. ಇಂಗ್ಲಿಷಿನಲ್ಲಿ ಬರಹಕ್ಕೂ ಉಚ್ಚಾರಕ್ಕೂ ನಂಟು ಅನಿಶ್ಚಿತವಾದುದು. ಭಾರತೀಯ ಲಿಪಿಗಳಲ್ಲಿ ಅದು ಬಹುಮಟ್ಟಿಗೆ ನಿಯತವಾದುದು. ಈ ಗುಣವನ್ನು ಬಳಸಿಕೊಂಡು ಧ್ವನಿಯು ಬರಹವನ್ನು ಉಚ್ಚಾರದ ಘಟಕಗಳನ್ನಾಗಿ ಬಿಡಿಸಿ, ಮೊದಲೇ ಮುದ್ರಿಸಿಟ್ಟ ಮಾನವಧ್ವನಿಯ ತುಣುಕುಗಳನ್ನು ಒಂದಕ್ಕೊಂದು ಜೋಡಿಸಿ ಓದುತ್ತಿತ್ತು. ಆ ತುಣುಕುಗಳನ್ನು ದೂರವಾಣಿಯಲ್ಲಿ ಬಳಸುವ ಜಿಎಸ್ಎಂ ಸಂಕೋಚನ ವಿಧಾನದಿಂದ ಚಿಕ್ಕದಾಗಿಸಿ, ಕೈಗಣಕದ ಅಲ್ಪ ಸ್ಮೃತಿಯಲ್ಲಿ ಹಿಡಿಸಲಾಗಿತ್ತು. ಕನ್ನಡ ಮತ್ತು ಹಿಂದಿ ಅದರ ಮೊದಲ ನುಡಿಗಳು.

ಸಿಂಪ್ಯೂಟರಿನಲ್ಲಿ ಅವಲಂಬನದ ಸಮಸ್ಯೆ ಇರಲಿಲ್ಲವೆಂದೇ ಹೇಳಬೇಕು. ತಿರುಳು, ಚಾಲಕ, ಶಬ್ದಕೋಶ, ವಾಚಕ ಇವೆಲ್ಲವನ್ನೂ ಒಂದೇ ಗುಂಪಿನವರು ಒಂದಕ್ಕೊಂದು ಹೊಂದುವಂತೆ ಅಳೆದು ಯಂತ್ರದೊಳಗೆ ತುಂಬಿದ್ದರು. ಸರಪಳಿಯ ಎಲ್ಲ ಕೊಂಡಿಗಳೂ ಒಂದೇ ಕುಲುಮೆಯಲ್ಲಿ ತಯಾರಾದುವು.

ಯಂತ್ರದ ಭಾಗ್ಯ ಮಾತ್ರ ದೊಡ್ಡದಾಗಲಿಲ್ಲ. ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ತಯಾರಿಕೆಯಲ್ಲಿ ಪಿಕೊಪೇಟಾ ಸಂಸ್ಥೆಯು ೨೦೦೪ರಲ್ಲಿ 'ಅಮಿಡಾ' ಎಂಬ ಹೆಸರಿನಿಂದ ಅದನ್ನು ಮಾರುಕಟ್ಟೆಗೆ ತಂದರೂ, ಐವತ್ತು ಸಾವಿರದ ನಿರೀಕ್ಷೆಯ ಎದುರು ೨೦೦೫ರ ವೇಳೆಗೆ ಮಾರಾಟವಾದುವು ಸುಮಾರು ೪,೦೦೦ ಮಾತ್ರ. ಸಾಮಾನ್ಯವಾಗಿ ಇತಿಹಾಸವು ಇಲ್ಲಿಗೆ ನಿಂತು, ಸಿಂಪ್ಯೂಟರ್ ವಿಫಲವಾಯಿತೆಂದು ತೀರ್ಪು ನೀಡುತ್ತದೆ.

ಈ ತೀರ್ಪನ್ನು ಪೂರ್ಣವಾಗಿ ಒಪ್ಪಲಾಗದು. ಯಂತ್ರವು ನಿಂತಿತು, ಅದರ ಬಾಯಿ ನಿಲ್ಲಲಿಲ್ಲ. ಧ್ವನಿಯ ಮೂಲಪಾಠವು ಸ್ವತಂತ್ರ ತಂತ್ರಾಂಶದ ಪರವಾನಗಿಯೊಡನೆ ಎಲ್ಲರಿಗೂ ದೊರೆಯುವಂತಿದ್ದುದರಿಂದ, ಮಲಯಾಳ ಗಣಕಕಾರ್ಯದಲ್ಲಿ ಹೆಸರಾದ ಸಂತೋಷ್ ತೋಟ್ಟಿಂಗಲ್ ಅವರು ಅದನ್ನು ಕೈಗೆತ್ತಿಕೊಂಡು ಸಾಮಾನ್ಯ ಲಿನಕ್ಸ್ ಗಣಕಕ್ಕೆ ಒಗ್ಗಿಸಿದರು; ಮಲಯಾಳ, ತಮಿಳು, ತೆಲುಗು, ಒಡಿಯಾ, ಗುಜರಾತಿ, ಬಂಗಾಳಿ ಮೊದಲಾದ ನುಡಿಗಳನ್ನು ಸೇರಿಸಿದರು. ಬೆಂಗಳೂರಿನಲ್ಲಿ ಕನ್ನಡ-ಹಿಂದಿಗಳಿಗಾಗಿ ಹುಟ್ಟಿದ ಕೃತಿಯೊಂದು ಕೇರಳದವರ ಆರೈಕೆಯಲ್ಲಿ ಬಹುಭಾಷೆಯದಾಯಿತು.

ಆದರೆ ಇಲ್ಲಿಂದ ಮುಂದೆ ಸರಪಳಿಯ ಸ್ವರೂಪವೇ ಬೇರೆ. ಕೈಗಣಕದಿಂದ ಮೇಜಿನ ಗಣಕಕ್ಕೆ ಬಂದ ಧ್ವನಿಯು ಪರರು ಕಾಪಾಡುವ ಭಂಡಾರಗಳನ್ನು ಅವಲಂಬಿಸಬೇಕಾಯಿತು: ಸಂಕೋಚನಕ್ಕೆ ಒಂದು, ವೇಗ ಮತ್ತು ಶ್ರುತಿಯ ಹೊಂದಾಣಿಕೆಗೆ ಒಂದು, ಶಬ್ದವನ್ನು ಹೊರಡಿಸಲು ಅಲ್ಸಾ, ತೆರೆಯೋದುಗ ತಂತ್ರಾಂಶಗಳೊಡನೆ ಕೂಡಲು ಸ್ಪೀಚ್ ಡಿಸ್ಪ್ಯಾಚರ್. ಪ್ರತಿಯೊಂದಕ್ಕೂ ತನ್ನದೇ ಆದ ಒಡೆಯ, ತನ್ನದೇ ಆದ ಕಾಲಕ್ರಮ. ಒಂದು ಕೃತಿಯನ್ನು ಬರೆದು ಮುಗಿಸಿದೆವೆಂದು ಕೈತೊಳೆಯುವಂತಿಲ್ಲ. ಅದರ ಕೆಳಗಣ ಭೂಮಿ ಜರುಗಿದಾಗಲೆಲ್ಲ ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸಬೇಕು.

೫

ಕನ್ನಡವನ್ನು ಓದಿಸುವುದು ಸುಲಭವೆಂಬ ಮಾತಿಗೂ ಒಂದು ಮಿತಿಯಿದೆ. ಪ್ರಸ್ತಾಪಿಸಿದ ಊರುಗಳ ಹೆಸರುಗಳನ್ನೇ ನೋಡಬಹುದು. 'ಅಂಬೇವಾಡಿ'ಯಲ್ಲಿಯೂ 'ದಾಂಡೇಲಿ', 'ಮುಂಡಗೋಡ'ಗಳಲ್ಲಿಯೂ ಬರೆಯುವ ಬಿಂದು ಒಂದೇ. ಆದರೆ ಮೊದಲನೆಯದರಲ್ಲಿ ಅದು ಬಕಾರದ ಮುಂದೆ ಬಂದು ಮಕಾರವಾಗುತ್ತದೆ. ಉಳಿದೆರಡರಲ್ಲಿ ಡಕಾರದ ಮುಂದೆ ಬಂದು ಣಕಾರವಾಗುತ್ತದೆ. ಶಬ್ದಶಾಸ್ತ್ರ ಓದಿದ ಯಾವ ವಿದ್ಯಾರ್ಥಿಗೂ ಇದು ತಿಳಿದ ಸಂಗತಿ. ಯಂತ್ರಕ್ಕೆ ಮಾತ್ರ ಇದನ್ನು ಸೂತ್ರವಾಗಿ ಬರೆದುಕೊಡಬೇಕು. ಇನ್ನು ಹಳಿಯಾಳ, ಜೋಯಿಡಾ, ದಾಂಡೇಲಿಗಳ ಸುತ್ತ ಕೊಂಕಣಿಯನ್ನೂ ಮರಾಠಿಯನ್ನೂ ಮಾತಾಡುವವರು ಬಹಳ. ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆದಾಗ ಅದೇ ಬಿಂದುವು ಹಲವೆಡೆ ಸ್ವರದ ಅನುನಾಸಿಕತೆಯನ್ನು ಸೂಚಿಸುತ್ತದೆ. ಲಿಪಿಯನ್ನು ಕಂಡೊಡನೆ ಕನ್ನಡವೆಂದು ಭಾವಿಸುವ ವಾಚಕವು ಅಂಥ ಬರಹವನ್ನು ಕೆಡಿಸಿ ಓದುತ್ತದೆ. ಆದಕಾರಣ ಭಾಷೆಯ ಸೂತ್ರಗಳೂ ಸರಪಳಿಯ ಒಂದು ಕೊಂಡಿಯೇ. ಅದನ್ನು ತಿದ್ದಬಲ್ಲವರು ಯಂತ್ರಜ್ಞರಿಗಿಂತ ಹೆಚ್ಚಾಗಿ ಆ ಭಾಗದ ಭಾಷಾಧ್ಯಾಪಕರು.

ಇಂದು ಲಿನಕ್ಸ್ ಗಣಕದಲ್ಲಿ ಕನ್ನಡವನ್ನು ಓದಲು ಬಹುವಾಗಿ ಬಳಕೆಯಲ್ಲಿರುವುದು ಇಸ್ಪೀಕ್ ಎನ್‌ಜಿ. ಇದರ ಮೂಲವು ಇಂಗ್ಲೆಂಡಿನ ಜೊನಾಥನ್ ಡಡಿಂಗ್ಟನ್ ಅವರು ೧೯೯೫ರಲ್ಲಿ ಏಕಾರ್ನ್ ಗಣಕಕ್ಕಾಗಿ ಬರೆದ ವಾಚಕ. ಅದು ೨೦೦೬ರಲ್ಲಿ ಲಿನಕ್ಸಿಗೆ ಬಂದು, ಕಾಲಾನುಕ್ರಮದಲ್ಲಿ ಕನ್ನಡವನ್ನೂ ಸೇರಿಸಿಕೊಂಡಿತು. ಮೂಲ ಕೃತಿಯ ಬೆಳವಣಿಗೆ ನಿಂತಾಗ ೨೦೧೫ರಲ್ಲಿ ಇತರರು ಅದನ್ನು ಕವಲೊಡೆಸಿ ಈ ಹೊಸ ಹೆಸರಿನಲ್ಲಿ ಮುಂದುವರಿಸಿದರು. ಇದು ಮುದ್ರಿತ ತುಣುಕುಗಳನ್ನು ಜೋಡಿಸುವುದಿಲ್ಲ. ಧ್ವನಿಯನ್ನು ಗಣಿತದಿಂದಲೇ ನಿರ್ಮಿಸುತ್ತದೆ. ಆದುದರಿಂದ ಕಂಠವು ಯಾಂತ್ರಿಕವಾಗಿ ಕೇಳಿಸಿದರೂ ಗಾತ್ರ ಚಿಕ್ಕದು, ವೇಗ ಹೆಚ್ಚು.

ಕಣ್ಣಿಲ್ಲದ ಓದುಗನಿಗೆ ಒಂದು ವಾಕ್ಯ ಮುಟ್ಟಬೇಕಾದರೆ ಒಟ್ಟು ಸರಪಳಿ ಹೀಗಿರುತ್ತದೆ: ತೆರೆಯ ಮೇಲಣ ಬರಹವನ್ನು ಓರ್ಕಾ ಎಂಬ ತೆರೆಯೋದುಗವು ಗ್ರಹಿಸುತ್ತದೆ, ಸ್ಪೀಚ್ ಡಿಸ್ಪ್ಯಾಚರ್ ಅದನ್ನು ಸರದಿಯಲ್ಲಿರಿಸುತ್ತದೆ, ಇಸ್ಪೀಕ್ ಎನ್‌ಜಿ ಅದಕ್ಕೆ ಧ್ವನಿ ಕೊಡುತ್ತದೆ, ಪಲ್ಸ್ಆಡಿಯೊ ಅಥವಾ ಪೈಪ್‌ವೈರ್ ಅದನ್ನು ಬೆರೆಸುತ್ತದೆ, ಅಲ್ಸಾ ಅದನ್ನು ಚಾಲಕಕ್ಕೆ ಒಪ್ಪಿಸುತ್ತದೆ. ಇವುಗಳಲ್ಲಿ ಒಂದು ಮೌನವಾದರೂ ಎಲ್ಲವೂ ಮೌನ. ಪಲ್ಸ್ಆಡಿಯೊ ಬಂದ ಕಾಲದಲ್ಲಿ ಸಂಭವಿಸಿದುದು ಇದೇ. ಅದು ಪ್ರತಿ ಬಳಕೆದಾರನ ಪರವಾಗಿ ಪ್ರತ್ಯೇಕವಾಗಿ ನಡೆಯುವ ಮಧ್ಯವರ್ತಿ. ಅಕ್ಷರತೆರೆಯನ್ನು ಓದುವ ಸ್ಪೀಕಪ್ ವ್ಯವಸ್ಥೆಯ ವಾಚಕವಾದರೋ ಯಾವ ಬಳಕೆದಾರನೂ ಒಳಬರುವುದಕ್ಕೆ ಮುಂಚೆಯೇ ಎದ್ದು, ನೇರವಾಗಿ ಅಲ್ಸಾದ ಮೂಲಕ ಶಬ್ದಸಾಧನವನ್ನು ಹಿಡಿಯುತ್ತಿತ್ತು. ಒಂದು ಹಿಡಿದರೆ ಇನ್ನೊಂದಕ್ಕೆ ಸಾಧನವಿಲ್ಲ. ಕಣ್ಣುಳ್ಳವನಿಗೆ ಸಂಗೀತ ನಿಂತುದು ಅಲ್ಪ ಅನಾನುಕೂಲ. ಕಣ್ಣಿಲ್ಲದವನಿಗೆ ಅದನ್ನು ಸರಿಪಡಿಸುವ ದಾರಿಯನ್ನು ಹೇಳಬೇಕಾದ ಧ್ವನಿಯೇ ಅಡಗಿಹೋಯಿತು.

ಇಂಥ ಸಂದರ್ಭದಲ್ಲಿ ಅನುಸರಿಸಬೇಕಾದ ಕ್ರಮವೂ ಇತಿಹಾಸದಿಂದಲೇ ತಿಳಿಯುತ್ತದೆ. ಸರಪಳಿಯನ್ನು ಕೆಳಗಿನಿಂದ ಮೇಲಕ್ಕೆ ಪರೀಕ್ಷಿಸಬೇಕು. ಮೊದಲು ಅಲ್ಸಾ ಶಬ್ದಫಲಕವನ್ನು ಗುರುತಿಸಿದೆಯೇ, ಧ್ವನಿಯ ಮಟ್ಟ ಮುಚ್ಚಿಲ್ಲವಷ್ಟೆ ಎಂಬುದನ್ನು ನೋಡಬೇಕು; ಬಳಿಕ ಮಧ್ಯವರ್ತಿಯು ಸರಿಯಾದ ಸಾಧನಕ್ಕೇ ಧ್ವನಿಯನ್ನು ಕಳಿಸುತ್ತಿದೆಯೇ ಎಂಬುದನ್ನು; ಆ ಬಳಿಕ ವಾಚಕವು ಒಂಟಿಯಾಗಿ ಮಾತಾಡುವುದೇ ಎಂಬುದನ್ನು; ಕೊನೆಗೆ ತೆರೆಯೋದುಗವನ್ನು. ಕಟ್ಟುಗಳ ಅವಲಂಬನ ಮುರಿದಿದ್ದರೆ ವಿತರಣೆಯ ಸಾಧನದಿಂದಲೇ ಸರಿಪಡಿಸಬೇಕಲ್ಲದೆ, ಬೇರೆ ವಿತರಣೆಯ ಕಟ್ಟನ್ನು ಬಲವಂತವಾಗಿ ಹೇರಬಾರದು. ಹೇರಿದರೆ ಇಂದು ಧ್ವನಿ ಬಂದರೂ ಮುಂದಿನ ನವೀಕರಣದಲ್ಲಿ ಇಡೀ ವ್ಯವಸ್ಥೆ ಕುಸಿಯುವ ಸಂಭವವುಂಟು.

೬

ಮೇಲಣ ವಿವೇಚನೆಯಿಂದ ಮೂರು ನಿರ್ಣಯಗಳು ದೊರೆಯುತ್ತವೆ. ಮೊದಲನೆಯದು: ತಂತ್ರಾಂಶದ ಆಯುಷ್ಯವನ್ನು ಅದನ್ನು ಹೊತ್ತ ಯಂತ್ರದ ಆಯುಷ್ಯದಿಂದ ಅಳೆಯಬಾರದು. ಮಾರುಕಟ್ಟೆಯಲ್ಲಿ ಸೋತ ಸಿಂಪ್ಯೂಟರಿನಿಂದ ಹತ್ತಾರು ನುಡಿಗಳ ವಾಚಕವು ಹೊರಬಂದುದು ಇದಕ್ಕೆ ಸಾಕ್ಷಿ. ಎರಡನೆಯದು: ಮೂಲಪಾಠವು ಮುಕ್ತವಾಗಿದ್ದರೆ ಬದುಕುವ ಅವಕಾಶವುಂಟು, ಬದುಕುವ ಭರವಸೆಯಿಲ್ಲ, ಅವಲಂಬನಗಳು ಬದಲಾದಾಗ ಅದನ್ನು ಹೊಸದಕ್ಕೆ ಒಗ್ಗಿಸುವ ಪೋಷಕ ಬೇಕು. ಧ್ವನಿಯನ್ನು ಕೇರಳದವರೊಬ್ಬರು ಎತ್ತಿಕೊಂಡುದೂ, ಇಸ್ಪೀಕನ್ನು ಅದರ ಕರ್ತೃವಲ್ಲದವರು ಮುಂದುವರಿಸಿದುದೂ ಇದನ್ನೇ ತೋರಿಸುತ್ತವೆ. ಮೂರನೆಯದು: ಕಟ್ಟುಗಳ ವಿವರಪತ್ರಗಳೂ ಬದಲಾವಣೆಗಳ ದಾಖಲೆಗಳೂ ಇತಿಹಾಸದ ಆಕರಗಳು. ದೇವಾಲಯದ ದತ್ತಿಶಾಸನದಲ್ಲಿ ದಾನಿಯ ಹೆಸರಿನೊಡನೆ ನಂದಾದೀಪದ ಎಣ್ಣೆಗೆ ಯಾವ ಹೊಲದ ಆದಾಯವೆಂಬುದನ್ನೂ ಬರೆದಿರುವಂತೆ, ಈ ಪತ್ರಗಳಲ್ಲಿ ಯಾವ ಕೃತಿ ಯಾವುದರ ಆಧಾರದಿಂದ ಬೆಳಗಿತೆಂಬುದು ದಾಖಲಾಗಿರುತ್ತದೆ.

ದೀಪವನ್ನು ಹಚ್ಚಿದವನನ್ನು ನೆನೆಯುವ ನಮ್ಮ ವಾಡಿಕೆ ಒಳ್ಳೆಯದೇ. ಆದರೆ ಎಣ್ಣೆಯನ್ನು ತುಂಬುವ ಕೆಲಸವು ಇನ್ನೂ ಪರರ ಕೈಯಲ್ಲಿಯೇ ಹೆಚ್ಚಾಗಿದೆ. ನಮ್ಮ ಕಾಲೇಜುಗಳ ಗಣಕವಿಭಾಗಗಳು ವಿತರಣೆಯ ಕಟ್ಟುಗಳ ಪೂರ್ಣ ಪ್ರತಿಯೊಂದನ್ನು ತಮ್ಮಲ್ಲಿಯೇ ಇಟ್ಟುಕೊಂಡರೆ, ಜಾಲವು ದುರ್ಬಲವಾದ ಮಲೆನಾಡಿನ ಊರುಗಳಲ್ಲಿಯೂ ಮುರಿದ ಕೊಂಡಿಯನ್ನು ಅದೇ ದಿನ ಬೆಸೆಯಬಹುದು. ಕನ್ನಡ ವಿಭಾಗಗಳು ವಾಚಕ ತಂತ್ರಾಂಶದ ಉಚ್ಚಾರಸೂತ್ರಗಳನ್ನು ಪರಿಶೀಲಿಸಿ, ತಪ್ಪುಗಳನ್ನು ಅದರ ಪೋಷಕರಿಗೆ ಬರೆದು ತಿಳಿಸಿದರೆ, ಒಂದು ಸಲ ಮಾಡಿದ ತಿದ್ದುಪಡಿಯು ಕನ್ನಡ ಕೇಳುವವರಿಗೆಲ್ಲ ಸಲ್ಲುತ್ತದೆ. ಎರಡಕ್ಕೂ ಹೆಚ್ಚಿನ ಹಣ ಬೇಕಿಲ್ಲ. ಬೇಕಾಗಿರುವುದು ಎಡೆಬಿಡದ ಶ್ರದ್ಧೆ. ಕನ್ನಡದ ಧ್ವನಿಯು ಮುಂದಿನ ಘಟ್ಟವನ್ನು ದಾಟುವುದೋ ಇಲ್ಲವೋ ಎಂಬುದು ಅದನ್ನೇ ಅವಲಂಬಿಸಿದೆ.